‘ಆಮೇಲೆ ಹೇಳ್ತೀನಿ’ ಅಂದವನು ನಾನೇ

ಕಳೆದ ಸಂಚಿಕೆಯಲ್ಲಿ ಸೈನ್ಸ್ ವಿಭಾಗದ ಗೆಳೆಯನೊಬ್ಬ ಮೊಬೈಲ್ ಚಟದ ಬಗ್ಗೆ ಬರೆದಿದ್ದ. ಲೇಖನ ಚೆನ್ನಾಗಿತ್ತು. ಆದರೆ ಅದರಲ್ಲಿ ಒಂದು ಮಾತು ಬಂತು: ಈಗಿನ ಹುಡುಗರು ಮಯ್ಯತ್ ಮನೆಯಲ್ಲೂ ಫೋನ್ ಕೆಳಗಿಡುವುದಿಲ್ಲ, ಅಲ್ಲೇ ಕೂತು ವಿಡಿಯೊ ಕಾಲ್ ಮಾಡುತ್ತಾರೆ, ಇವರಿಗೆ ದುಃಖ ಅನ್ನುವುದೇ ಇಲ್ಲ ಎಂದು. ಅದನ್ನು ಓದಿದ ಮೇಲೆ ಬರೆಯದೆ ಇರಲು ನನ್ನಿಂದ ಆಗಲಿಲ್ಲ. ಮಯ್ಯತ್ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ವಿಡಿಯೊ ಕಾಲ್ ಮಾಡುತ್ತಿದ್ದ ಹುಡುಗನೊಬ್ಬನನ್ನು ನಾನು ನೋಡಿದ್ದೇನೆ. ಎರಡೂ ಕೈ ಖಾಲಿ ಇರಬೇಕಲ್ಲ, ಅದಕ್ಕೆ ಫೋನನ್ನು ಒಂದು ಸ್ಟೀಲ್ ಡಬ್ಬಿಗೆ ಆನಿಸಿ ಇಟ್ಟಿದ್ದ. ತೀರಿಕೊಂಡಿದ್ದವರು ಅವನ ತಂದೆ. ಅವನು ನನ್ನ ಖಾಲಾನ ಮಗ, ನನಗಿಂತ ಒಂದು ವರ್ಷ ದೊಡ್ಡವನು. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ.

ಇಲ್ಲಿ ಅವನನ್ನು ಭಾಯಿ ಎಂದೇ ಬರೆಯುತ್ತೇನೆ. ಹೆಸರು ಹಾಕಬೇಡ, ಬೇರೆ ಎಲ್ಲ ಬರಿ ಎಂದು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ‘ಶ್ರವಣದೋಷವುಳ್ಳವರು’ ಅಂತೆಲ್ಲ ಉದ್ದ ಪದ ಬೇಡ, ‘ಕಿವುಡ’ ಅಂತ ಬರಿ ಎಂದೂ ಹೇಳಿದ್ದಾನೆ. ನಮ್ಮ ಮನೆ ಮಾತು ಉರ್ದು. ಹಾಗಾಗಿ ಈ ಲೇಖನದಲ್ಲಿ ಎಡವಟ್ಟು ಕಂಡರೆ ಅದು ನನ್ನದು, ಸರಿಯಾಗಿರುವುದೆಲ್ಲ ಕನ್ನಡ ಸರ್ ತಿದ್ದಿದ್ದು.

ನಮ್ಮ ಖಾಲೂ ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ಭಾಯಿ ಬೇರೆ ಜಿಲ್ಲೆಯಲ್ಲಿ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿದ್ದ. ಶಾಲೆಗೆ ಸೇರಿದ್ದೇ ತಡ, ಅದಕ್ಕೆ ಹದಿನೆಂಟಕ್ಕೆ ಎಸ್ಸೆಸ್ಸೆಲ್ಸಿ. ತಿಂಗಳಿಗೆ ಎರಡು ಭಾನುವಾರ ಖಾಲೂ ಬಸ್ಸು ಹತ್ತಿ ಹೋಗಿ, ಇಡೀ ಹಾಸ್ಟೆಲಿಗೆ ಆಗುವಷ್ಟು ಮಂಡಕ್ಕಿ ಚೀಲ ಇಳಿಸಿ, ಸಂಜೆ ಬಸ್ಸಿಗೆ ವಾಪಸ್ ಬರುತ್ತಿದ್ದರು. ಕಿವುಡರು ಪ್ರತಿಯೊಬ್ಬರಿಗೂ ಕೈಯಲ್ಲಿ ಒಂದು ಹೆಸರು ಇಡುತ್ತಾರೆ. ಖಾಲೂ ಹೆಸರು, ಎರಡು ಕೈಯಲ್ಲಿ ಜರಡಿ ಹಿಡಿದು ಆಡಿಸುವ ಸನ್ನೆ. ನನ್ನ ಹೆಸರು, ಹಣೆ ಮೇಲೆ ಬೆರಳಿನಿಂದ ಒಂದು ಗೆರೆ. ಆರನೇ ಕ್ಲಾಸಿನಲ್ಲಿ ಸೈಕಲ್‌ನಿಂದ ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದೆ, ಅದನ್ನು ಅವನು ಮರೆಯಲೇ ಇಲ್ಲ.

ಡಿಸೆಂಬರ್‌ನಲ್ಲಿ ಖಾಲೂಗೆ ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ ಎಂದು ಗೊತ್ತಾಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಮನೆಯಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು, ಎಂಟು ವರ್ಷದ ನನ್ನ ತಂಗಿಗೂ. ಭಾಯಿಗೆ ಮಾತ್ರ ಇಲ್ಲ. ಮಾಮೂ ಎಲ್ಲರಿಗೂ ಹೇಳಿಟ್ಟಿದ್ದರು: “ಅಭೀ ನಕ್ಕೋ ಬೋಲೋ, ಪರೀಕ್ಷಾ ಹೈ.” ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ, ಸುದ್ದಿ ಎಲ್ಲರ ಖಾತೆಗೂ ಪೋಸ್ಟ್ ಆಯಿತು, ಯಾರದೋ ಅವರ ಖಾತೆಗೆ ಬಿಟ್ಟು.

ಭಾನುವಾರ ಸಂಜೆ ಹಾಸ್ಟೆಲಿನಲ್ಲಿ ಫೋನ್ ಕೊಡುತ್ತಾರೆ. ಅವನು ವಿಡಿಯೊ ಕಾಲ್ ಮಾಡುವುದು ನನಗೆ. ಮನೆಯಲ್ಲಿ ಅವನ ಜೊತೆ ಸ್ವಲ್ಪವಾದರೂ ಕೈಭಾಷೆಯಲ್ಲಿ ಮಾತಾಡಬಲ್ಲವನು ನಾನೊಬ್ಬನೇ. ಜನವರಿಯಲ್ಲಿ ಒಂದು ಭಾನುವಾರ ಅವನು ಜರಡಿ ಆಡಿಸಿ ಕೇಳಿದ, ಮೂರು ಭಾನುವಾರ ಆಯಿತು, ಅಬ್ಬಾ ಯಾಕೆ ಬರಲಿಲ್ಲ? ನಾನು ಭಟ್ಟಿಯಲ್ಲಿ ಕೆಲಸ ಜಾಸ್ತಿ ಎಂದೆ. ಮುಂದಿನ ವಾರವೂ ಕೇಳಿದ. ಆಮೇಲೆ ಹೇಳ್ತೀನಿ ಎಂದೆ. ಅದರ ಮುಂದಿನ ವಾರ ಅವನು ಕೇಳಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತ ಕೂತ. ನನಗೆ ನಿರಾಳವಾಯಿತು, ಕೇಳಲಿಲ್ಲವಲ್ಲ ಎಂದು. ಈಗ ನೆನೆಸಿಕೊಂಡರೆ ಆ ನಿರಾಳಕ್ಕೇ ಹೆಚ್ಚು ನಾಚಿಕೆಯಾಗುತ್ತದೆ.

ಪರೀಕ್ಷೆಗೆ ಇಪ್ಪತ್ತೆರಡು ದಿನ ಇರುವಾಗ ಖಾಲೂ ಹೋದರು. ಮಾಮೂ ಕಾರು ಮಾಡಿಕೊಂಡು ಹಾಸ್ಟೆಲಿಗೆ ಹೋಗಿ ಒಂದು ಚೀಟಿಯಲ್ಲಿ ‘ಅಬ್ಬಾಗೆ ಹುಷಾರಿಲ್ಲ, ಮನೆಗೆ ಬಾ’ ಎಂದು ಬರೆದು ತೋರಿಸಿದರು. ಮೂರು ಗಂಟೆಯ ದಾರಿ, ಕಾರಿನಲ್ಲಿ ನಾಲ್ಕು ಜನ ದೊಡ್ಡವರು, ಯಾರೂ ಅವನ ಕಡೆ ತಿರುಗಿ ನೋಡಲಿಲ್ಲವಂತೆ. ಗಲ್ಲಿ ತಿರುವಿನಲ್ಲಿ ಶಾಮಿಯಾನ ಕಂಡಿತು. ಬಾಗಿಲ ಹೊರಗೆ ಐವತ್ತು ಅರವತ್ತು ಜೊತೆ ಚಪ್ಪಲಿ. ತನ್ನ ತಂದೆ ಸತ್ತದ್ದು ಅವನಿಗೆ ಚಪ್ಪಲಿ ನೋಡಿ ಗೊತ್ತಾಯಿತು.

ಯಾರೂ ಹೇಳಲಿಲ್ಲ ಅಂದರೆ ಪೂರ್ತಿ ನಿಜವಲ್ಲ, ಹೇಳಲು ನೋಡಿದರು. ಒಬ್ಬರಾದ ಮೇಲೆ ಒಬ್ಬರು ಬಂದು ಭುಜ ಹಿಡಿದು ಬಾಯಿ ಆಡಿಸಿದರು. ‘ಗುಜರ್ ಗಯೇ’ ಅಂದರು. ‘ಇಂತೆಖಾಲ್ ಹೋಗಯಾ’ ಅಂದರು. ಪಕ್ಕದ ಮನೆಯ ಕನ್ನಡದ ಅಜ್ಜಿ ‘ಹೋಗಿಬಿಟ್ರಪ್ಪ’ ಅಂದರು. ಇವನ್ನೆಲ್ಲ ಕಿವಿ ಮುಚ್ಚಿ, ಬರೀ ತುಟಿ ನೋಡಿ ಒಮ್ಮೆ ಓದಿ ನೋಡಿ. ಕ, ಗ ಗಂಟಲ ಹತ್ತಿರ ಹುಟ್ಟುವ ಅಕ್ಷರಗಳು, ಹೊರಗೆ ಕಾಣುವುದೇ ಇಲ್ಲ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ಕನ್ನಡಿ ಮುಂದೆ ನಿಂತು ಧ್ವನಿ ಇಲ್ಲದೆ ‘ಮಾವ’, ‘ಬಾವ’ ಹೇಳಿ, ವ್ಯತ್ಯಾಸ ಸಿಕ್ಕಿದರೆ ನನಗೂ ಹೇಳಿ. ಉರ್ದುವಿನ ‘ಮರ್ ಗಯೇ’ಯೂ ‘ಭರ್ ಗಯೇ’ಯೂ ತುಟಿಯಲ್ಲಿ ಒಂದೇ. ಅವನು ತುಟಿ ಓದುವುದನ್ನು ಕಲಿತದ್ದು ಶಾಲೆಯಲ್ಲಿ, ಕನ್ನಡದಲ್ಲಿ. ಮನೆಯ ತುಟಿಗಳು ಮಾತಾಡುವುದು ಉರ್ದು. ತುಟಿ ನೋಡಿ ಎಲ್ಲ ಅರ್ಥ ಮಾಡಿಕೊಳ್ಳುತ್ತಾನೆ ಎಂದು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ಅವನು ಅರ್ಥ ಮಾಡಿಕೊಳ್ಳುತ್ತಿದ್ದದ್ದು ಮುಖ ನೋಡಿ, ಹೊತ್ತು ನೋಡಿ, ಕೈಯಲ್ಲಿ ತಟ್ಟೆ ಇದೆಯೋ ಬಕೆಟ್ ಇದೆಯೋ ನೋಡಿ.

ಅದೂ ಅಲ್ಲದೆ ಸಾವಿನ ವಿಷಯದಲ್ಲಿ ನಮ್ಮ ಎಲ್ಲ ಭಾಷೆಗಳೂ ಸುತ್ತಿ ಬಳಸಿ ಮಾತಾಡುತ್ತವೆ. ಗುಜರ್ ಗಯೇ ಎಂದರೆ ದಾಟಿ ಹೋದರು. ತೀರಿಕೊಂಡರು, ಹೋದರು, ಇನ್ನಿಲ್ಲ. ನಮಗೆ ಇದು ಮರ್ಯಾದೆಯ ಮಾತು, ಯಾಕೆಂದರೆ ಚಿಕ್ಕಂದಿನಿಂದ ಹಿಂದೆ ಮುಂದೆ ನೂರು ಸಲ ಕೇಳಿಸಿಕೊಂಡಿದ್ದೇವೆ. ಕೇಳಿಸಿಕೊಳ್ಳದೆ ಬೆಳೆದವನಿಗೆ ‘ಹೋದರು’ ಎಂದು ಸನ್ನೆ ಮಾಡಿದರೆ ಎಲ್ಲಿಗೆ ಎಂದೇ ಕೇಳುತ್ತಾನೆ. ಹಾಸ್ಟೆಲಿನ ಅವನ ಕಿರಿಯ ಗೆಳೆಯನೊಬ್ಬನಿಗೆ ಅಜ್ಜಿ ಸತ್ತಾಗ ‘ಊರಿಗೆ ಹೋಗಿದ್ದಾಳೆ’ ಎಂದು ಹೇಳಿದ್ದರಂತೆ. ಆ ಹುಡುಗ ಎರಡು ರಜೆ ಪೂರ್ತಿ ಬಸ್‌ಸ್ಟ್ಯಾಂಡಿಗೆ ಹೋಗಿ ಕಾಯುತ್ತಿದ್ದನಂತೆ.

ನನ್ನ ಮೊದಲ ಅಭಿಪ್ರಾಯ ಇದು. ಸತ್ತರು ಎಂದರೆ ಸತ್ತರು ಎಂದೇ ಹೇಳಬೇಕು. ಉಸಿರು ನಿಂತಿದೆ, ಮೈ ತಣ್ಣಗಿದೆ, ಮಣ್ಣು ಮಾಡುತ್ತೇವೆ, ವಾಪಸ್ ಬರುವುದಿಲ್ಲ. ಕೇಳುವವರಿಗೆ ಒರಟು ಎನ್ನಿಸಬಹುದು. ಭಾಯಿ ಹೇಳುವಂತೆ, ಅವನಿಗೆ ಆವತ್ತು ಬೇಕಿದ್ದದ್ದು ಆ ನಾಲ್ಕು ವಾಕ್ಯ ಮಾತ್ರ, ಅದನ್ನು ಅವನಿಗೆ ಕೊನೆಗೂ ಕೊಟ್ಟದ್ದು ರಾತ್ರಿ ಗದಗದಿಂದ ಬಂದ ಒಬ್ಬ ಗೆಳೆಯ.

ಆ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಮಧ್ಯಾಹ್ನದ ಮಾತು. ಭಾಯಿ ಅತ್ತ. ಅವನಿಗೆ ತನ್ನ ದನಿ ಕೇಳುವುದಿಲ್ಲ, ಎಷ್ಟು ಜೋರು ಎಂದು ಗೊತ್ತಾಗುವುದಿಲ್ಲ. ಅದು ನಾವು ಅಳುವ ದನಿಯ ಹಾಗೆ ಇರುವುದಿಲ್ಲ, ಒಳಗಿನಿಂದ ಎಳೆದು ಬರುತ್ತದೆ. ಹಿರಿಯರೊಬ್ಬರು ತುಟಿ ಮೇಲೆ ಬೆರಳಿಟ್ಟು ಚುಪ್ ಎಂದರು. ಮಯ್ಯತ್ ಮುಂದೆ ಗೋಳಾಡಬಾರದು ಎಂದು. ಭಾಯಿ ಬಾಯಿಗೆ ಟವೆಲ್ ತುರುಕಿಕೊಂಡ. ದೀನಿನಲ್ಲಿ ಬೇಡ ಎಂದಿರುವುದು ಎದೆ ಬಡಿದುಕೊಂಡು, ಬಟ್ಟೆ ಹರಿದುಕೊಂಡು ಮಾಡುವ ಗೋಳಾಟ. ಕಣ್ಣೀರಿಗೆ ಯಾರೂ ಬೇಡ ಎಂದಿಲ್ಲ. ಹಜ್ರತ್ ಪೈಗಂಬರರು ಸ್ವಂತ ಮಗು ಇಬ್ರಾಹೀಮ್ ತೀರಿಕೊಂಡಾಗ ಅತ್ತಿದ್ದರು, ಇದು ನಮ್ಮ ಮದರಸಾದ ಚಿಕ್ಕ ಮಕ್ಕಳಿಗೂ ಗೊತ್ತು. ತನ್ನ ದನಿಯ ಅಳತೆಯೇ ಗೊತ್ತಿಲ್ಲದವನಿಗೆ ದನಿ ತಗ್ಗಿಸು ಎನ್ನುವುದು ಎಲ್ಲಿಯ ನ್ಯಾಯ? ಹಿರಿಯರ ಮುಂದೆ ಇದನ್ನು ಆವತ್ತು ಹೇಳಲು ನನಗೆ ಧೈರ್ಯ ಬರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಗುಸ್ಲ್ ಹೊತ್ತಿನಲ್ಲೂ ಹಾಗೇ ಆಯಿತು. ತಂದೆಗೆ ಕೊನೆಯ ಸ್ನಾನ ಮಾಡಿಸುವಾಗ ದೊಡ್ಡ ಮಗ ಇರಬೇಕು. ಇವನಿಗೆ ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳಿ ಕೊಡುವವರು ಯಾರು, ಹೊತ್ತಾಗುತ್ತದೆ ಎಂದು ಹೊರಗೆ ನಿಲ್ಲಿಸಿದರು. ತೋರಿಸಿದ್ದರೆ ಸಾಕಿತ್ತು. ಅವನು ಹುಟ್ಟಿದಾಗಿನಿಂದ ಎಲ್ಲವನ್ನೂ ನೋಡಿಯೇ ಕಲಿತಿದ್ದಾನೆ.

ಜನಾಜಾ ನಮಾಜಿನಲ್ಲಿ ಅವನ ಪಕ್ಕ ನಿಂತಿದ್ದವನು ನಾನು. ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ, ಈ ನಮಾಜಿನಲ್ಲಿ ಬಗ್ಗುವುದೂ ಇಲ್ಲ, ಸಜ್ದಾವೂ ಇಲ್ಲ. ನಿಂತಲ್ಲೇ ನಾಲ್ಕು ತಕ್ಬೀರ್. ನಮ್ಮ ಹನಫಿ ಪದ್ಧತಿಯಲ್ಲಿ ಮೊದಲ ತಕ್ಬೀರಿಗೆ ಮಾತ್ರ ಕೈ ಎತ್ತುತ್ತೇವೆ, ಉಳಿದ ಮೂರೂ ಬರೀ ಇಮಾಮರ ದನಿ. ದಿನದ ನಮಾಜಿನಲ್ಲಿ ಭಾಯಿ ಮುಂದಿನವರನ್ನು ನೋಡಿಕೊಂಡು ಬಗ್ಗುತ್ತಾನೆ, ಏಳುತ್ತಾನೆ, ತೊಂದರೆ ಇಲ್ಲ. ಇಲ್ಲಿ ನೋಡಿಕೊಳ್ಳಲು ಏನೂ ಇಲ್ಲ. ಯಾವಾಗ ದರೂದ್, ಯಾವಾಗ ತಂದೆಗಾಗಿ ದುವಾ, ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಎಲ್ಲರೂ ಸಲಾಮಿಗೆ ಕತ್ತು ತಿರುಗಿಸಿದಾಗ ಅವನು ಬೆಚ್ಚಿಬಿದ್ದ, ಮುಗಿದೇ ಹೋಯಿತಾ ಎನ್ನುವ ಹಾಗೆ. ಪಕ್ಕದಲ್ಲೇ ನಿಂತಿದ್ದ ನಾನು ಪ್ರತಿ ತಕ್ಬೀರಿಗೂ ನನ್ನ ಕಾಲ ಕಿರುಬೆರಳಿನಿಂದ ಅವನ ಕಾಲು ಮುಟ್ಟಿದ್ದರೂ ಸಾಕಿತ್ತು. ಆವತ್ತು ಹೊಳೆಯಲಿಲ್ಲ. ಈಗ ನಾವಿಬ್ಬರೂ ಹಾಗೇ ಮಾಡುತ್ತೇವೆ.

ಸಂಜೆ ಏಳರ ಹೊತ್ತಿಗೆ ಅವನ ಗೆಳೆಯರು ಬರತೊಡಗಿದರು. ಹಾವೇರಿಯಿಂದ ಇಬ್ಬರು, ಚಿತ್ರದುರ್ಗದಿಂದ ಒಬ್ಬ, ಗದಗದಿಂದ ಒಬ್ಬ, ಊರಿನವರೇ ಮೂರು ಜನ. ಯಾರಿಗೂ ನಾವು ಸುದ್ದಿ ಕೊಟ್ಟಿರಲಿಲ್ಲ. ಕಾರಿನಲ್ಲಿ ಬರುವಾಗಲೇ ಭಾಯಿ ಅವರ ವಾಟ್ಸಾಪ್ ಗುಂಪಿಗೆ ‘ಯಾರೂ ಏನೂ ಹೇಳುತ್ತಿಲ್ಲ, ಹೆದರಿಕೆ’ ಎಂದು ಐದು ಸೆಕೆಂಡಿನ ವಿಡಿಯೊ ಹಾಕಿದ್ದನಂತೆ. ಅಷ್ಟಕ್ಕೇ ಹೊರಟು ಬಂದಿದ್ದರು. ಏಳೂ ಜನ ಗಲ್ಲಿಯಲ್ಲಿ ದುಂಡಗೆ ಕೂತರು. ಕಿವುಡರು ಸಾಲಾಗಿ ಕೂರುವುದಿಲ್ಲ, ಒಬ್ಬರ ಕೈ ಒಬ್ಬರಿಗೆ ಕಾಣಬೇಕು. ಎಂಟೂವರೆಗೆ ಕರೆಂಟ್ ಹೋಯಿತು. ನಮಗೆ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಅವರಿಗೆ ಮಾತೇ ನಿಲ್ಲುತ್ತದೆ. ಹಾವೇರಿಯ ಹುಡುಗ ಎದ್ದು ಹೋಗಿ ಬೈಕ್ ತಂದು ಹೆಡ್‌ಲೈಟ್ ಹಾಕಿ ನಿಲ್ಲಿಸಿದ. ಗೋಡೆ ಮೇಲೆ ಅಷ್ಟು ಜನರ ಕೈಗಳ ನೆರಳು.

ಗದಗದ ಗೆಳೆಯ ಎರಡು ವರ್ಷದ ಹಿಂದೆ ಅಣ್ಣನನ್ನು ಕಳೆದುಕೊಂಡವನು. ಅವನಿಗೂ ಆಗ ಯಾರೂ ಏನೂ ಹೇಳಿರಲಿಲ್ಲ. ಅವನು ಬಂದವನೇ ನನ್ನನ್ನು ಕರೆದು ಆಸ್ಪತ್ರೆಯ ಫೈಲು ಕೇಳಿದ. ಪುಟ ಪುಟ ಫೋಟೊ ತೆಗೆದು ಬೆಂಗಳೂರಿನಲ್ಲಿ ಡಿಪ್ಲೊಮಾ ಓದುವ ಅವರದೇ ಹಿರಿಯನೊಬ್ಬನಿಗೆ ಕಳಿಸಿದ. ಅರ್ಧ ಗಂಟೆಯಲ್ಲಿ ಆ ಕಡೆಯಿಂದ ವಿಡಿಯೊ ಬಂತು. ಅದನ್ನು ನೋಡಿಕೊಂಡು ಇವನು ಭಾಯಿಗೆ ಹೇಳಿದ: ಮೈಯೊಳಗೆ ರಕ್ತ ಸೋಸುವ ಎರಡು ಜರಡಿ ಇರುತ್ತವೆ, ಅಬ್ಬಾನ ಎರಡೂ ಜರಡಿ ಕಟ್ಟಿಕೊಂಡವು, ಹೊರಗೆ ಒಂದು ಮೆಷಿನ್ ಇಟ್ಟು ಸೋಸುತ್ತಿದ್ದರು, ಡಿಸೆಂಬರಿನಿಂದ ಫೆಬ್ರವರಿ ತನಕ, ಕೊನೆಗೆ ಹೃದಯ ನಿಂತಿತು. ಡಿಸೆಂಬರ್ ಎನ್ನುವ ಸನ್ನೆ ಬಂದಾಗ ಭಾಯಿ ನನ್ನ ಕಡೆ ತಿರುಗಿ ನೋಡಿದ. ಆ ನೋಟದ ಬಗ್ಗೆ ನಾನು ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಆಮೇಲೆ ಅವರು ಕಥೆ ಹೇಳಿಕೊಂಡರು. ಖಾಲೂ ಚೀಲ ಹೊತ್ತು ಹಾಸ್ಟೆಲ್ ಮೆಟ್ಟಿಲು ಹತ್ತುವುದು, ವಾರ್ಡನ್‌ಗೆ ಸಲಾಮ್ ಹೊಡೆಯುವುದು, ಕೈಭಾಷೆ ಬರದೆ ಏನೇನೋ ಕೈ ಆಡಿಸಿ ‘ಚೆನ್ನಾಗಿ ಓದಿ’ ಎನ್ನಲು ಹೋಗಿ ‘ಚೆನ್ನಾಗಿ ತಿನ್ನಿ’ ಎಂದಿದ್ದು. ಚಿತ್ರದುರ್ಗದ ಹುಡುಗ ಎದ್ದು ಖಾಲೂ ನಡೆಯುವುದನ್ನು ಮಾಡಿ ತೋರಿಸಿದ. ಭಾಯಿ ನಕ್ಕ, ಎಲ್ಲರೂ ನಕ್ಕರು, ಜೋರಾಗಿಯೇ. ಒಳಗಿನಿಂದ ಇಬ್ಬರು ಹಿರಿಯರು ಬಂದು, ಮಯ್ಯತ್ ಮನೆ ಮುಂದೆ ತಮಾಷೆಯಾ, ಈ ಹುಡುಗರನ್ನು ಕಳಿಸಿ ಎಂದು ನನಗೆ ಹೇಳಿದರು. ನಾನು ಅದನ್ನು ಭಾಯಿಗೆ ಹೇಳಲಿಲ್ಲ. ಇಡೀ ದಿನದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ ಇರಬೇಕು. ಅವರು ಕೊನೆ ಬಸ್ಸಿಗೆ ಹೊರಟ ಮೇಲೆ ಶುರುವಾದದ್ದೇ ಆ ವಿಡಿಯೊ ಕಾಲ್, ಬೆಳಗಿನ ಜಾವದವರೆಗೆ. ಕಳೆದ ಸಂಚಿಕೆಯ ಗೆಳೆಯನಿಗೆ ನಾನು ಹೇಳಬೇಕೆಂದಿದ್ದದ್ದು ಇಷ್ಟೇ. ಮನೆ ತುಂಬ ನೆಂಟರಿದ್ದರು, ಎಲ್ಲರೂ ಖುರಾನ್ ಓದುತ್ತ, ಖಾಲೂ ನೆನೆಸಿಕೊಂಡು ಮಾತಾಡುತ್ತ ಇದ್ದರು, ಭಾಯಿಗೆ ತಂದೆಯ ಬಗ್ಗೆ ಮಾತಾಡಲು ಜಾಗ ಇದ್ದದ್ದು ಆ ಆರು ಇಂಚಿನ ಸ್ಕ್ರೀನಿನಲ್ಲಿ.

ನಮ್ಮ ಸೈಕಾಲಜಿ ಮೇಡಂಗೆ ಇದನ್ನು ಹೇಳಿದಾಗ ಅವರು ಎರಡು ವಿಷಯ ತಿಳಿಸಿದರು. ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸರು 1989ರ ಪುಸ್ತಕದಲ್ಲಿ ಒಂದು ಬಗೆಯ ಶೋಕಕ್ಕೆ ಹೆಸರು ಕೊಟ್ಟರಂತೆ: ದುಃಖ ಇದೆ, ಆದರೆ ದುಃಖಪಡುವ ಹಕ್ಕು ಇವರಿಗಿದೆ ಎಂದು ಸುತ್ತಲಿನವರು ಒಪ್ಪುವುದಿಲ್ಲ. ಭಾಯಿಯ ಗೆಳೆಯರದು ಅದೇ. ಖಾಲೂ ಅವರಿಗೆ ರಕ್ತಸಂಬಂಧಿ ಅಲ್ಲ, ಆದರೆ ಎಂಟು ವರ್ಷ ಮಂಡಕ್ಕಿ ತಿನ್ನಿಸಿದವರು. ಹಾಸ್ಟೆಲಿನಲ್ಲಿ ಒಟ್ಟಿಗೆ ಬೆಳೆದವರಿಗೆ ಒಬ್ಬರ ಅಬ್ಬಾ ಎಲ್ಲರಿಗೂ ಅಬ್ಬಾ. ಅವರನ್ನು ಯಾರೂ ಒಳಗೆ ಕರೆದು ಕೂರಿಸಲಿಲ್ಲ, ಚಹಾ ಕೊಟ್ಟದ್ದು ಪಕ್ಕದ ಮನೆಯ ಕನ್ನಡದ ಅಜ್ಜಿ. ಎರಡನೆಯದು, ವಿದೇಶದ ಕಿವುಡರು ‘ಡಿನ್ನರ್ ಟೇಬಲ್ ಸಿಂಡ್ರೋಮ್’ ಎನ್ನುವ ವಿಷಯ. ಊಟದ ಮೇಜಿನ ಸುತ್ತ ಮನೆಯವರೆಲ್ಲ ಮಾತಾಡಿ ನಗುತ್ತಾರೆ, ಕಿವುಡ ಮಗು ಏನು ಎಂದು ಕೇಳಿದರೆ ‘ಏನಿಲ್ಲ, ಆಮೇಲೆ ಹೇಳ್ತೀನಿ’ ಎನ್ನುತ್ತಾರೆ. ಆ ಆಮೇಲೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಟೇಬಲ್ ಇಲ್ಲ, ದಸ್ತರ್‌ಖಾನ್ ಇದೆ. ಮಾತು ಮಾತ್ರ ಅದೇ. ಹದಿನೆಂಟು ವರ್ಷ ಅವನು ದಸ್ತರ್‌ಖಾನ್ ಮೇಲೆ ಕೇಳಿದ ‘ಆಮೇಲೆ’ಗಳಲ್ಲಿ ನನ್ನದು ಕೊನೆಯದು.

ಇಲ್ಲಿ ಖಾಲಾನ ಪರವಾಗಿಯೂ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅವರು ಕಲ್ಲುಮನಸ್ಸಿನವರಲ್ಲ. ಅವರಿಬ್ಬರ ನಡುವೆ ಇರುವುದು ಮನೆಯಲ್ಲೇ ಹುಟ್ಟಿದ ಅರವತ್ತು ಎಪ್ಪತ್ತು ಸನ್ನೆ: ಊಟ, ಸ್ನಾನ, ದುಡ್ಡು, ಸಿಟ್ಟು, ಮಳೆ, ನಾಳೆ. ಅದರಲ್ಲಿ ಕಿಡ್ನಿಗೆ ಸನ್ನೆ ಇಲ್ಲ, ಡಾಕ್ಟರು ಆಸೆ ಇಲ್ಲ ಎಂದರು ಎನ್ನುವುದಕ್ಕೂ ಇಲ್ಲ. ಹೆಚ್ಚು ಕಲಿಯಬೇಕೆಂದರೂ ಭಾಯಿ ಚಿಕ್ಕವನಿದ್ದಾಗ ಯಾರೋ ಹೇಳಿಬಿಟ್ಟಿದ್ದರಂತೆ, ಕೈ ಆಡಿಸಿದರೆ ಮಗುವಿಗೆ ಮಾತು ಬರುವುದಿಲ್ಲ, ಕೈ ಕಟ್ಟಿಸಿ ಎಂದು. ಈ ಮಾತು ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ಸೇರಿ, ಶಾಲೆಗಳಲ್ಲಿ ಸನ್ನೆ ಭಾಷೆ ಬೇಡ, ಬಾಯಿಮಾತೇ ಇರಲಿ ಎಂದು ನಿರ್ಣಯ ಮಾಡಿತು. ಅದು ತಪ್ಪಾಯಿತೆಂದು ಅದೇ ಸಮ್ಮೇಳನದ ಪರಂಪರೆಯವರು ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನೂರ ಮೂವತ್ತು ವರ್ಷ ಬೇಕಾಯಿತು. ನಮ್ಮ ಗಲ್ಲಿಗೆ ಆ ವಿಷಾದ ಇನ್ನೂ ಬಂದಿಲ್ಲ.

ಕಾನೂನು ನೋಡಿದರೆ ನಮ್ಮ ದೇಶ ಹಿಂದೆ ಇಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸನ್ನೆ ಭಾಷೆಯನ್ನು ಸಂವಹನದ ವ್ಯಾಖ್ಯೆಯಲ್ಲೇ ಸೇರಿಸಿದೆ. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಿಂದ ಇದೆ; ಅವರು 2018ರಲ್ಲಿ ಮೂರು ಸಾವಿರ ಪದಗಳ ನಿಘಂಟು ತಂದು, 2021ರ ಹೊತ್ತಿಗೆ ಅದನ್ನು ಹತ್ತು ಸಾವಿರ ಪದಕ್ಕೆ ಬೆಳೆಸಿದರು. ಎಲ್ಲ ವಿಡಿಯೊ, ನೋಡಲು ದುಡ್ಡಿಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಕೇಳಿಸದವರು 50 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲೇ ಎರಡು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಒಂದಲ್ಲ ಒಂದು ದಿನ ಸಾವು ಆಗಿಯೇ ಆಗುತ್ತದೆ.

ದುಃಖ ತಡೆಯಲಾಗದಿದ್ದರೆ ಫೋನ್ ಮಾಡಿ ಎಂದು ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಟೆಲಿ ಮಾನಸ್‌ನ 14416 ಸಂಖ್ಯೆ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಒಳ್ಳೆಯ ಸೇವೆ. ಆದರೆ ಶುರುವಾದದ್ದು ಮಾತಿನ ಸೇವೆಯಾಗಿ. 2024ರಲ್ಲಿ ವಿಡಿಯೊ ಸಲಹೆಯನ್ನೂ ಮೊದಲು ಕೆಲವೇ ರಾಜ್ಯಗಳಲ್ಲಿ ಸೇರಿಸಿದರು, ಅದರಲ್ಲಿ ಕರ್ನಾಟಕವೂ ಒಂದು. ವಿಡಿಯೊ ಬಂದದ್ದು ಅರ್ಧ ದಾರಿ. ಆ ಕಡೆ ಕೂತವರಿಗೆ ಕೈಭಾಷೆ ಬಂದರೆ ಉಳಿದರ್ಧ. ಯಾರನ್ನಾದರೂ ಅನುವಾದಕ್ಕೆ ಕರೆದುಕೊಂಡು ಬಾ ಎನ್ನುವುದು ಸುಲಭ. ಅಪ್ಪ ಸತ್ತ ದುಃಖವನ್ನು ಚಿಕ್ಕಮ್ಮನ ಮಗನ ಮೂಲಕ, ಅದೂ ಸುಳ್ಳು ಹೇಳಿದ ಚಿಕ್ಕಮ್ಮನ ಮಗನ ಮೂಲಕ, ಯಾರಾದರೂ ಡಾಕ್ಟರಿಗೆ ಹೇಳಿಕೊಳ್ಳುತ್ತಾರಾ?

ಮಸೀದಿಯವರಿಗೂ ಒಂದು ಬಿನ್ನಹ. ಮಕ್ಕಾದ ಹರಮ್ ಶರೀಫಿನಲ್ಲಿ ಜುಮಾ ಖುತ್ಬಾವನ್ನು ಸನ್ನೆ ಭಾಷೆಯಲ್ಲಿ ಹೇಳುವ ವ್ಯವಸ್ಥೆ ಇದೆ. ದೂರ ಆಯಿತು ಎಂದರೆ, ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ಪುಳಿಕ್ಕಲ್‌ನಲ್ಲೇ ಒಂದು ಮಸೀದಿಯಲ್ಲಿ ಕಿವುಡರಿಗಾಗಿ ಖುತ್ಬಾವನ್ನು ಸನ್ನೆಯಲ್ಲಿ ತಿಳಿಸುತ್ತಾರೆ. ನಮ್ಮ ಮೊಹಲ್ಲಾದಲ್ಲಿ ಸ್ಕ್ರೀನ್ ಬೇಡ. ಜನಾಜಾ ನಮಾಜಿಗೆ ಮೊದಲು ‘ಕೇಳಿಸದವರು ಇದ್ದರೆ ಪಕ್ಕದವರು ಮುಟ್ಟಿ ತಿಳಿಸಿ’ ಎಂದು ಪೇಷ್ ಇಮಾಮ್ ಸಾಹೇಬರು ಒಂದು ಮಾತು ಹೇಳಿದರೆ ಖರ್ಚೇನೂ ಆಗುವುದಿಲ್ಲ. ನಾನು ಹೋಗಿ ಕೇಳಿದೆ. ‘ದೇಖೇಂಗೆ ಬೇಟಾ’ ಎಂದಿದ್ದಾರೆ. ಇನ್ನೊಂದು ಸಲ ಹೋಗುತ್ತೇನೆ.

ಭಾಯಿ ಪರೀಕ್ಷೆ ಬರೆದ. ಗಣಿತ ಉಳಿಯಿತು, ಪರೀಕ್ಷೆ-2ರಲ್ಲಿ ಪಾಸಾದ. ಈಗ ಮನೆಯಲ್ಲಿದ್ದಾನೆ. ಖಾಲಾ ಇದ್ದತ್‌ನಲ್ಲಿ ಕೂತಿದ್ದಾಗ, ಅಮ್ಮ ಯಾಕೆ ಹೊರಗೆ ಬರುತ್ತಿಲ್ಲ, ಅವಳಿಗೂ ಕಿಡ್ನಿ ಹೋಯಿತಾ ಎಂದು ಅವನು ಒಳಗೊಳಗೇ ಹೆದರಿದ್ದನಂತೆ. ಅದು ನನಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ. ಆವತ್ತು ಗೋಡೆ ಕ್ಯಾಲೆಂಡರ್ ಇಳಿಸಿ ನಾಲ್ಕು ತಿಂಗಳು ಹತ್ತು ದಿನ ಎಣಿಸಿ, ಕೊನೆಯ ದಿನಕ್ಕೆ ದುಂಡಗೆ ಗುರುತು ಹಾಕಿ ತೋರಿಸಿದೆ. ದಿನಾ ಬೆಳಗ್ಗೆ ಒಂದೊಂದು ದಿನ ಗೆರೆ ಹೊಡೆಯುತ್ತ ಹೋದ. ಆ ದಿನ ಬಂದಾಗ ಖಾಲಾನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಖಬರಸ್ತಾನದ ಗೇಟಿನವರೆಗೂ ಹೋಗಿ ಬಂದ.

ನನ್ನನ್ನು ಅವನು ಕ್ಷಮಿಸಿದ್ದಾನಾ ಎಂದು ಹಲವರು ಕೇಳಿದ್ದಾರೆ. ಮೇ ತಿಂಗಳಿನಲ್ಲಿ ಒಂದು ಸಂಜೆ ಹಣೆ ಮೇಲೆ ಗೆರೆ ಎಳೆದು ನನ್ನ ಹೆಸರು ಕರೆದ. ಮಾಮೂ ಹೇಳಲಿಲ್ಲ, ಅವರಿಗೆ ಕೈಭಾಷೆ ಬರುವುದಿಲ್ಲ. ಅಮ್ಮ ಹೇಳಲಿಲ್ಲ, ಅವಳಿಗೂ ಬರುವುದಿಲ್ಲ. ನಿನಗೆ ಬರುತ್ತಿತ್ತು ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅವನು ಏನು ಕೇಳಿದರೂ ನಾನು ‘ಆಮೇಲೆ’ ಎನ್ನುವುದಿಲ್ಲ. ಕ್ರಿಕೆಟ್ ಕಾಮೆಂಟರಿಯಲ್ಲಿ ಅವರು ಯಾಕೆ ನಕ್ಕರು ಎಂದು ಕೇಳಿದರೂ, ಜೋಕು ಕೆಟ್ಟದಾಗಿದ್ದರೂ, ಆಗಲೇ ಹೇಳುತ್ತೇನೆ. ಕೆಲವು ಸಲ ಹೇಳಿ ಮುಗಿಸುವಷ್ಟರಲ್ಲಿ ಎರಡು ವಿಕೆಟ್ ಬಿದ್ದಿರುತ್ತವೆ.

ಪ್ರಿನ್ಸಿಪಾಲ್ ಸರ್ ಅನುಮತಿ ಕೊಟ್ಟಿದ್ದಾರೆ. ಮುಂದಿನ ಶನಿವಾರದಿಂದ ಕೊನೆಯ ಪೀರಿಯಡ್ ಆದ ಮೇಲೆ ಎನ್ನೆಸ್ಸೆಸ್ ಕೊಠಡಿಯಲ್ಲಿ ಒಂದು ಗಂಟೆ ಕೈಭಾಷೆ ಕಲಿಕೆ ಇರುತ್ತದೆ. ಕಲಿಸುವವನು ಭಾಯಿ. ಗದಗದ ಗೆಳೆಯ ತಿಂಗಳಿಗೊಮ್ಮೆ ಬರುತ್ತೇನೆ ಎಂದಿದ್ದಾನೆ. ಇದುವರೆಗೆ ಆರು ಜನ ಹೆಸರು ಕೊಟ್ಟಿದ್ದಾರೆ, ಅದರಲ್ಲಿ ಕಳೆದ ಸಂಚಿಕೆಯ ಸೈನ್ಸ್ ಗೆಳೆಯನೂ ಒಬ್ಬ. ಫೀಸ್ ಇಲ್ಲ. ಭಾಯಿಯ ಷರತ್ತು ಒಂದೇ: ಆ ಒಂದು ಗಂಟೆ ಯಾರೂ ಬಾಯಿ ತೆರೆಯಬಾರದು, ಪಿಸುಮಾತೂ ಇಲ್ಲ. ಅರ್ಥವಾಗದಿದ್ದರೆ ಕೈ ಎತ್ತಿ ಕೇಳಬೇಕು, ಅವನು ಆಗಲೇ ಹೇಳುತ್ತಾನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ